ಹೊಲದ ಕೆಳಗೆ ಎದೆ

ಪಿ.ಬಿ. ರಸ್ತೆ, ಝೆರಾಕ್ಸ್ ಅಂಗಡಿ ಮೇಲಿನ ಕೋಣೆ.
ಮಂಡಕ್ಕಿ ಭಟ್ಟಿಯಿಂದ ನೇರ ಬರುತ್ತಾಳೆ ಶಾಹೀನಾ,
ಉಗುರಲ್ಲಿ ಹೊಟ್ಟಿನ ಮಸಿ.
"ಒಮೊಉ ಅಂದ್ರೆ ಯೋಚ್ನೆ ಮಾಡಾದಾ ಸರ್?"

ಅಲ್ಲ. ಲೆಕ್ಕ ಹಾಕಿ ತಲೆ ಕೆರೆಯುವುದಕ್ಕೆ
ಜಪಾನಿನಲ್ಲಿ ಬೇರೆ ಮಾತಿದೆ.
ಇದು ತಾನಾಗಿ ಬರುವುದು.
ಹೇಳುವುದನ್ನೆಲ್ಲ ಹೇಳಿ, ಕೊನೆಗೆ
"ಅಂತ ಅನಸ್ತತಿ" ಎಂದು ಬಾಗಿಲು ಓರೆ ಮಾಡುತ್ತೇವಲ್ಲ,
ಹಾಗೆ: "ತೊ ಒಮೊಉ".

ಬರೆದಳು: ನಾಳೆ ಮೋಡ ಅಂತ ಅನಸ್ತತಿ.
ಸರಿ.
ನಾನು ಇದನ್ನ ಕಲಿಯಾದು ದಂಡ ಅಂತ ಅಬ್ಬಾಗೆ ಅನಸ್ತತಿ.
ತಪ್ಪು.
ಇನ್ನೊಬ್ಬರ ಒಳಗನ್ನು ಹಾಗೆ ಮುಗಿಸಿಬಿಡುವಂತಿಲ್ಲ,
ಬಾಲ ಸೇರಿಸು: "ಒಮೊತ್ತೆ ಇರು",
ಅಂದ್ಕೊಂಡಿದಾರೆ.

ಪೆನ್ನು ನಿಂತಿತು.
"ಅಕ್ಕಿ ಅರಳಿದ್ದು ಮರಳಿನ ಸದ್ದಲ್ಲೇ ಗೊತ್ತಾಗ್ತತಿ ಸರ್.
ಅಬ್ಬಾ ಸದ್ದೇ ಮಾಡಲ್ಲ."

ಅಕ್ಷರ ತೋರಿಸಿದೆ. ಮೇಲೆ ನಾಲ್ಕು ಮಡಿಯ ಹೊಲ,
ಕೆಳಗೆ ಎದೆ, ಮೂರು ಹನಿ ಚೆಲ್ಲಿದ ಹಾಗೆ.
ಯಾರನ್ನಾದರೂ ನೆನೆಯುವುದಕ್ಕೂ ಇದೇ, ಅಂದೆ.
"ನೆನೆಯಾದು... ಭತ್ತ ನೆನೆದಂಗಾ?"
ತಿದ್ದಲಿಲ್ಲ.

ಎಂಟು ಗಂಟೆ. ಮೆಟ್ಟಿಲಿಳಿದು ನೋಡಿದರೆ
ಟಿವಿಎಸ್ ನಿಲ್ಲಿಸಿಕೊಂಡು ಅವರಪ್ಪ,
ಯಾವಾಗಿನಿಂದಲೋ,
ಹಾರ್ನ್ ಹೊಡೆಯದೆ.