ತೊಟ್ಟು

ಹೂಟಗಳ್ಳಿಯ ಶೆಡ್ಡಿನಲ್ಲಿ ಮಧ್ಯಾಹ್ನ ಎರಡೂಕಾಲಿಗೆ
ಹನ್ನೊಂದನೆಯ ಸಲ ಬಿತ್ತು ನನ್ನ ವಿನ್ಯಾಸ.
ಆರು ಡಬ್ಬಿ ಎಳನೀರು, ಆರು ಪ್ಲಾಸ್ಟಿಕ್ ಉಂಗುರ,
ಎದೆಮಟ್ಟದಿಂದ ಸಿಮೆಂಟಿಗೆ.
ಐದು ಹಿಡಿದವು. ಆರನೆಯದು ಕೈಬಿಟ್ಟಿತು.
ಡಬ್ಬಿ ಉರುಳುತ್ತ ಉರುಳುತ್ತ
ಮ್ಯಾನೇಜರ್ ಪೊನ್ನಪ್ಪನವರ ಬೂಟಿಗೆ ತಾಗಿ ನಿಂತಿತು,
ದೂರು ಕೊಡಲು ಬಂದ ಹಾಗೆ.

"ದಪ್ಪ ಮಾಡಿ" ಅಂದರು.
ಮಾಡಿದೆ. ಅರ್ಧ ಮಿಲಿಮೀಟರಿನಿಂದ ಮುಕ್ಕಾಲಿಗೆ.
ಒಂದೊಂದು ಗ್ರಾಮಿಗೂ ಲೆಕ್ಕ ಕೇಳುವವರು ಅವರೇ.
ದಪ್ಪದ್ದು ಇನ್ನೂ ಜೋರು ಸದ್ದು ಮಾಡಿ ಹರಿಯಿತು,
ಅಷ್ಟೇ ವ್ಯತ್ಯಾಸ.

ಚೂರು ಗುಡಿಸಲು ಬಂದ ಪ್ಯಾಕಿಂಗಿನ ಕೆಂಪಾಜಮ್ಮ
ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು,
ಸೂಜಿಗೆ ದಾರ ಪೋಣಿಸುವವರ ಕಣ್ಣಲ್ಲಿ.
"ಸಾರ್, ಇದು ಹೊಟ್ಟೇಲಿ ಹರಿದಿಲ್ಲ, ಕಂಕುಳಲ್ಲಿ ಹರಿದಿದೆ.
ರವಿಕೆನೂ ಹಿಂಗೇಯ.
ಅಟ್ಟದ ಮ್ಯಾಲಿನ ಡಬ್ಬ ತೆಗಿಯಕ್ಕೆ ಕೈ ಎತ್ತಿದಾಗ
ಬೆನ್ನಲ್ಲಿ ಹರಿಯಲ್ಲ,
ಚೂಪಾಗಿ ಕತ್ತರಿಸಿರ್ತಾರಲ್ಲ, ಆ ಮೂಲೇಲಿ.
ಅಲ್ಲಿಗೆ ದುಂಡಗೆ ಒಂದು ತುಂಡು ಕೊಡ್ಬೇಕು."

ಕ್ಯಾತಮಾರನಹಳ್ಳಿಯಲ್ಲಿ ಒಂಬತ್ತು ವರ್ಷ ರವಿಕೆ ಹೊಲಿದವಳಂತೆ.
ಒತ್ತಡ ಮೂಲೆಯಲ್ಲಿ ಗುಡ್ಡೆಯಾಗುತ್ತದೆ ಎಂದು
ಪಾಲಿಟೆಕ್ನಿಕ್ಕಿನಲ್ಲಿ ನನಗೂ ಬರೆಸಿದ್ದರು;
ಎಂಟು ಅಂಕ ತೆಗೆದು ಮರೆತಿದ್ದೆ.

ಆ ರಾತ್ರಿ ಪರದೆಯ ಮೇಲೆ
ಉಂಗುರ ಉಂಗುರದ ಸಂದಿಗೆಲ್ಲ ದುಂಡು ಕೊಟ್ಟೆ.
ಅಚ್ಚಿನ ಇನಾಯತ್ ಬೈದುಕೊಂಡೇ ಕೆತ್ತಿದ.
ಬಿತ್ತು. ಹಿಡಿಯಿತು. ಮತ್ತೆ ಬಿತ್ತು. ಹಿಡಿಯಿತು.
ಫ್ರಿಜ್ಜಿನಿಂದ ಬಂದು ಬೆವರುವಾಗಲೂ,
ಪೊನ್ನಪ್ಪನವರೇ ಎರಡು ಕೈಯಲ್ಲಿ ಜಗ್ಗಿದಾಗಲೂ.
ಕ್ಯಾಂಟೀನಿನಲ್ಲಿ ಹೋಳಿಗೆ ಊಟ ಹಾಕಿಸಿದರು.

ಇಲ್ಲಿಗೇ ಮುಗಿಯಬಹುದಿತ್ತು.

ನಾಲ್ಕು ತಿಂಗಳಿಗೆ, ಪಾಂಡವಪುರದ ಕಡೆ,
ನಾಲೆಯ ಏರಿಯ ಮೇಲೆ ಬೈಕು ನಿಲ್ಲಿಸಿದ್ದೆ.
ಹುಲ್ಲಲ್ಲಿ ಕೇರೆಹಾವು. ಓಡಲಿಲ್ಲ.
ನಡುಮೈಗೆ ನನ್ನ ಉಂಗುರ.
ಇಲಿಯ ಹಿಂದೆ ನುಗ್ಗಿತ್ತೇನೋ: ತಲೆ ದಾಟಿದೆ, ಹೊಟ್ಟೆ ದಾಟಿಲ್ಲ,
ಹಿಂದಕ್ಕೆ ಸರಿಯಲು ಹುರುಪೆ ಬಿಡದು.
ಎಳೆದೆಳೆದು ಮಾಂಸ ಕಂಡಿತ್ತು.
ಉಂಗುರದಲ್ಲಿ ಮಾತ್ರ ಒಂದು ಗೀರಿಲ್ಲ.
ಕಂಕುಳು ಎಷ್ಟು ಚೆನ್ನಾಗಿ ಹಿಡಿದಿದೆ ಎಂದು
ಮೊದಲು ನೋಡಿದ್ದು ಅದನ್ನೇ.
ಹೇಳಬಾರದು, ಹೇಳುತ್ತಿದ್ದೇನೆ.

ಕಟರ್ ಎರಡು ಸಲ ಜಾರಿತು. ಮೂರನೆಯದಕ್ಕೆ ಕತ್ತರಿಸಿತು.
ಬದುಕಿತೋ ಇಲ್ಲವೋ,
ಭತ್ತದ ಗದ್ದೆ ಹೇಳಲಿಲ್ಲ.

ಮುಂದಿನ ವಾರ ಮದ್ದೂರಿನ ಎಳನೀರು ಮಂಡಿಗೆ
ಯಾವುದೋ ತೂಕದ ತಕರಾರಿಗೆ ಹೋದವನು
ಲಾರಿಯಿಂದ ಗೊನೆ ಇಳಿಸುವ ಹುಡುಗನ ಮುಂದೆ ನಿಂತುಬಿಟ್ಟೆ.
ಹದಿನೆಂಟು ಕಾಯಿ, ಒಂದೇ ಕಾಂಡ, ಎಸೆದರೂ ಬಿಡದು.
ನಾನೂ ಒಂದನ್ನು ಹಿಡಿದು ಜಗ್ಗಿದೆ.
"ಜಗ್ಗಿದ್ರೆ ಬರಲ್ಲ ಕಣಣ್ಣ" ಎಂದ ಬೋರಲಿಂಗು,
ಹೆಬ್ಬೆರಳು ಕೊಟ್ಟು ತಿರುಚಿದ.
ತೊಟ್ಟು ಟಕ್ಕೆಂದಿತು.
ಕಾಯಿ ಅಂಗೈಗೆ ಬಂತು, ಕೇಳಿ ಪಡೆದ ಹಾಗೆ.

ಈಗ ನಕ್ಷೆಯಲ್ಲಿ ಪ್ರತಿ ಉಂಗುರಕ್ಕೂ ಒಂದು ತೊಟ್ಟು:
ಕೂದಲೆಳೆಯ ತೆಳು ಗೆರೆ.
ತೂಕಕ್ಕೆ ಮಣಿಯಬಾರದು,
ಡಬ್ಬಿ ತಿರುಚಿದರೆ ಉಂಗುರ ಪೂರ್ತಿ ಬಿಚ್ಚಿಕೊಂಡು
ಬರೀ ಪಟ್ಟಿಯಾಗಬೇಕು,
ಯಾವ ಕೊರಳಿಗೂ ಆಗದ ಹಾಗೆ.

"ಗಟ್ಟಿ ಮಾಡು ಅಂತ ಸಂಬಳ ಕೊಟ್ರೆ
ನೀನೇ ಬಿರುಕು ಬರೀತಿದ್ದೀಯಲ್ಲಯ್ಯ"
ಎನ್ನುತ್ತಾರೆ ಪೊನ್ನಪ್ಪನವರು. ತಪ್ಪೇನಿಲ್ಲ.
ನಿನ್ನೆ ಒಂಬತ್ತು ಬಿದ್ದವು, ಎರಡು ಹರಿದವು.

ಕೆಂಪಾಜಮ್ಮ ಪೊರಕೆ ಗೋಡೆಗೊರಗಿಸಿ
ಹರಿದದ್ದನ್ನು ಬೆಳಕಿಗೆ ಹಿಡಿದಿದ್ದಾಳೆ.
ಇನ್ನೂ ಏನೂ ಹೇಳಿಲ್ಲ.