ಸೋಸುಕಾಗದ

ಇಪ್ಪತ್ತಾರು ವರ್ಷ
ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಬ್ಯುರೆಟ್ಟು ತೊಳೆದವಳು ನಾನು.
ದುಂಡು ಕಾಗದವನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿ
ಒಂದು ಪದರ ಈ ಕಡೆ, ಮೂರು ಪದರ ಆ ಕಡೆ ಬಿಡಿಸಿ
ಆಲಿಕೆಯಲ್ಲಿ ಕೂರಿಸಿ ಕೊಟ್ಟವಳು.
ಹುಡುಗರು ಸುರಿಯುತ್ತಿದ್ದರು. ನಾನು ನೋಡುತ್ತಿದ್ದೆ.
ಕೆಳಗಿಳಿದ ನೀರನ್ನು ಸಿಂಕಿಗೆ ಚೆಲ್ಲಿ
ಮೇಲುಳಿದ ಬಿಳಿ ಮಡ್ಡಿಯನ್ನೇ
ಸುಟ್ಟು, ತೂಗಿ, ಬರೆದುಕೊಳ್ಳುತ್ತಿದ್ದರು.

ಈಗ ಬುರುಜನಹಟ್ಟಿಯ ನನ್ನ ಅಡುಗೆಕಟ್ಟೆಯ ಮೇಲೆ
ಮುನ್ನೂರು ರೂಪಾಯಿಯ ಪ್ಲಾಸ್ಟಿಕ್ ಆಲಿಕೆ.
ಡ್ರಿಪ್ಪರ್ ಅಂತ ಹೆಸರು.
ಬುಡಕ್ಕೆ ಒಂದೇ ತೂತು, ಒಳಗೋಡೆಗೆ ಸುಳಿಗೆರೆ.
ಅದೇ ಕಾಗದ, ಅದೇ ಮಡಿಕೆ,
ಲೆಕ್ಕ ಮಾತ್ರ ಉಲ್ಟಾ:
ಇಳಿದದ್ದು ನನಗೆ,
ಉಳಿದದ್ದು ಕರಿಬೇವಿನ ಬುಡಕ್ಕೆ.

"ಚಿಕೋರಿ ಹಾಕದೇನೆ?"
ಪುಡಿ ಅಂಗಡಿಯ ಚನ್ನಬಸಣ್ಣ ಮೂರು ಸಲ ಕೇಳಿದ.
ಹ್ಞೂಂ, ಹಾಕದೇನೆ. ನೈಸ್ ಬೇಡ.
ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ.
"ಇದು ಕಾಫಿ ಮಿಷನ್ನು ಕಣಮ್ಮ, ಹಿಟ್ಟಿನ ಗಿರಣಿ ಅಲ್ಲ."
ಆದರೂ ತಿರುಪು ತಿರುಗಿಸಿದ.

ಮೊದಲ ದಿನ ಕುದಿಕುದಿ ನೀರು ಒಂದೇ ಸಲ ಹುಯ್ದೆ,
ಬೇವಿನ ಕಷಾಯ.
ಮರುದಿನ ಆರಿಸಿದ್ದು ಹೆಚ್ಚಾಯಿತು,
ಹುಳಿಹುಳಿ, ತೆಳ್ಳಗೆ,
ಮನಸ್ಸಿಲ್ಲದೆ ಊಟಕ್ಕೆ ಕರೆದವರ ಮಾತಿನ ಹಾಗೆ.
ಮೂರನೇ ದಿನ ಕೈ ಸರಿಯಿತ್ತು, ಬಾಯಿಗೆ ಸಪ್ಪೆ.
ಆಗ ತಿಳಿಯಿತು, ಇದು ನೀರಿನ ಕೆಲಸ.
ಬೋರಿನ ನೀರು,
ಪಾತ್ರೆಯ ತಳಕ್ಕೆ ಸುಣ್ಣ ಬಳಿಯುವ ನೀರು,
ದುರ್ಗದ ಬಂಡೆಯೊಳಗೆ ಎಷ್ಟು ಕಾಲ ಕೂತಿತ್ತೋ
ಕಲ್ಲಿನ ಮಾತು ಕಲಿತು ಬಂದಿದೆ;
ಕಾಫಿ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಲ್ಲಿಗೆ ಕಾದೆ.
ನಾಲ್ಕು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೋ ಮೂರಕ್ಕೋ
ಮೊದಲು ಗಾಳಿ ಊದಿ, ಆಮೇಲೆ ಕೆಮ್ಮಿ,
ಆಮೇಲೆ ಬರುವ ನೀರು.
ಒಂದು ಬಿಂದಿಗೆ ಎತ್ತಿಟ್ಟೆ, ಮುಚ್ಚಳ ಹಾಕಿ.
"ಮೈ ತೊಳೆಯಾಕಿಲ್ಲ, ಅತ್ತಿಗೆ ಕಾಫಿಗೈತೆ"
ಅಂದಳು ನಾದಿನಿ ನುಂಕಮ್ಮ.
ಹಾಲಿಲ್ಲದ್ದೆಲ್ಲ ಅವಳಿಗೆ ಔಷಧಿ.

ಸುರಿಯುವುದಕ್ಕೆ ಅತ್ತೆಯ ಕಾಲದ ಹಿತ್ತಾಳೆ ಗಿಂಡಿ,
ಹುಣಿಸೆಹಣ್ಣು ಹಾಕಿ ಉಜ್ಜಿದ್ದು.
ಅದರ ಮೂತಿ ಇಷ್ಟು ಸಪೂರ ಅಂತ
ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ!

ಮೊದಲು ಬರೀ ಕಾಗದಕ್ಕೆ ಬಿಸಿನೀರು,
ಕಾಗದದ ವಾಸನೆ ಹೋಗಲಿ.
ಆಮೇಲೆ ಪುಡಿ ನೆನೆಯುವಷ್ಟೇ. ನಿಲ್ಲು.
ಉಬ್ಬುತ್ತದೆ, ಹಂಚಿನ ಮೇಲಿನ ರೊಟ್ಟಿಯಂತೆ,
ಹಿಡಿದಿಟ್ಟ ಉಸಿರನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತದೆ.
ಅರ್ಧ ನಿಮಿಷ ಎಣಿಸಬೇಕಂತೆ. ನಾನು ಎಣಿಸುವುದಿಲ್ಲ.
ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರ
ಏಳು ಸುತ್ತು ಬರುವುದನ್ನು ನೋಡುತ್ತೇನೆ.
ಗಾಳಿ ಬಿದ್ದ ದಿನ ಮಾತ್ರ ಬೆರಳು.
ಆಮೇಲೆ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ
ಎಳೆ ಕಡಿಯದ ಹಾಗೆ.
ಅವಸರ ಮಾಡಿದರೆ ಪುಡಿಯಲ್ಲಿ ಹಳ್ಳ ಬಿದ್ದು
ನೀರು ಅಡ್ಡದಾರಿ ಹಿಡಿದು
ಏನನ್ನೂ ಮುಟ್ಟದೆ ಇಳಿದುಹೋಗುತ್ತದೆ.

ಗುಜರಿಗೆ ಹೋಗಬೇಕಿದ್ದ ಲ್ಯಾಬ್ ರೆಕಾರ್ಡು,
ಖಾಲಿ ಹಾಳೆಗಳಲ್ಲಿ ಬರೆಯುತ್ತೇನೆ:
ಉದ್ದೇಶ, ವಿಧಾನ, ವೀಕ್ಷಣೆ.
ಉದ್ದೇಶದ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತು
'ಕುಡಿಯಲು' ಅಂತ ಬರೆದೆ.

ಇವತ್ತು ನುಂಕಮ್ಮ
ಒಂದು ಗುಟುಕು ಬಾಯಲ್ಲಿ ಹಿಡಿದು
ಉಗಿಯಲು ಹಿತ್ತಲ ತನಕ ಹೋದವಳು
ಬಾಯಿ ಖಾಲಿ ಮಾಡಿಕೊಂಡು, ಉಗಿಯದೆ, ವಾಪಸ್ ಬಂದಳು.
"ಆರಿದ ಮ್ಯಾಲೆ ಏನೋ ಹಣ್ಣಿನಂಗೆ ಐತಲ್ಲ ಅತ್ತಿಗೆ."
ಯಾವ ಹಣ್ಣು?
"ತಡಿ," ಅಂದಳು. ಇನ್ನೊಂದು ಗುಟುಕು.
"ಕಾರೆಹಣ್ಣು. ಮುಳ್ಳಲ್ಲಿ ಕೈ ಹಾಕಿ ಕೀಳ್ತಿದ್ವಲ್ಲ, ಅದು."

ವೀಕ್ಷಣೆ: ಕಾರೆಹಣ್ಣು, ಅಂತ ಬರೆದುಕೊಂಡೆ.
ಕೆಳಗೆ, ಲೆಕ್ಚರರು ಕೆಂಪು ಶಾಯಿಯಲ್ಲಿ
ಸಹಿ ಹಾಕುವ ಜಾಗದ ಮೇಲೆ
ಅವಳು ಲೋಟ ಇಟ್ಟಳು.