ಒಳಗಿಲಾವು

ಸಹರಿಗೆ ಎಬ್ಬಿಸಾಂವ ಬಡೀಕಮಾನ ದಾಟಿ
ನಮ್ಮ ಓಣಿಗೆ ಬರೂದ್ರಾಗ
ನಮ್ಮ ಮನಿ ದೀಪ ಹತ್ತಿರತೈತಿ.
'ಮಶಾಕ ಕಾಕಾ ಎಲ್ಲಾರಕಿಂತ ಮೊದಲಽ ಎದ್ದಾರ' ಅಂತ
ದಫ್ಪು ಬಡಿಯದಽ ಮುಂದ ಹೋಗ್ತಾನ.
ಅವಗೇನ ಗೊತ್ತು,
ಅದು ಅಡಗಿಮನಿ ದೀಪ ಅಲ್ಲ, ಪಾಯಖಾನಿದು.
ನಡುರಾತ್ರಿಯಿಂದ ಇದು ನಾಕನೇ ಸಲ.
ಗ್ವಾಡಿಗಿ ಹಣಿ ಹಚ್ಚಿ ಕುಂತೇನಿ.
ಮೂವತ್ತು ವರ್ಷದ ಹಿಂದ ನಾನಽ ಕಟ್ಟಿದ ಗ್ವಾಡಿ,
ಕರಣಿ ಎಲ್ಲಿ ತಡವರಿಸಿತ್ತು ಅನ್ನೂದು
ಹಣಿಗಿ ತಿಳೀತೈತಿ.

ಈ ಸಲ ರೋಜಾ ಇಲ್ಲ.
ದಿನಕ್ಕ ಮೂರು ಹೊತ್ತು ಗುಳಿಗಿ.
'ಬೇನಿದ್ದವಗ ಮಾಫಿ ಐತಿ, ಆಮ್ಯಾಲ ತೀರಿಸು' ಅಂದ್ರು ಹಜರತರು.
ಗೊತ್ತೈತಿ. ಗೊತ್ತಿದ್ರೂ
ಮಧ್ಯಾಹ್ನ ಬಾಗಲಾ ಮುಚ್ಚಿ ಮೆತ್ತನ್ನ ಉಣ್ಣುವಾಗ
ಚಮಚಾ ತಾಟಿಗೆ ತಾಗದಂಗ ಉಣ್ತೇನಿ.

ಪಡಸಲಗಿ ಮೇಡಮ್ ನಳಿಗಿ ಹಾಕಿ ನೋಡಿದ್ರು,
ಪಡದೆ ಮ್ಯಾಲ ನನ್ನ ಕರಳು ನನಗಽ ತೋರಿಸಿದ್ರು.
ಕೆಂಪಗ, ಅಲ್ಲಲ್ಲಿ ಕೆತ್ತಿದಂಗ.
ನನಗ ರೋಗ ಕಾಣಲಿಲ್ಲ, ಬಾವಡಿ ಕಂಡ್ತು:
ಗಾರಿ ಉದುರಿ ಕಲ್ಲು ಹೊರಬಿದ್ದ ಒಳಮೈ.
ಹೋದ ವರ್ಷ ಹಗ್ಗದಾಗ ಇಳಿದು
ಮೊಳಾ ಮೊಳಾ ಅಳದು ಗಿಲಾವು ಮಾಡಿದ್ವಿ,
ಸುಣ್ಣ, ಉಸುಕು, ಬೆಲ್ಲದ ನೀರು, ಅಳಲೆಕಾಯಿ ಕಷಾಯ.
'ಕಾಕಾ, ಹೊಟ್ಟಿ ಕೆಟ್ರೂ ಇದಽ ಕಾಯಿ,
ಗ್ವಾಡಿ ಕೆಟ್ರೂ ಇದಽ ಕಾಯಿ' ಅಂತ
ಬುಟ್ಟಿ ಇಳಿಸ್ತಾ ಸಿದರಾಯ ನಗ್ತಿದ್ದ.
ಆವಾಗ ನಾನೂ ನಕ್ಕಿದ್ದೆ.

ಮೇಡಮ್ ಹೇಳಿದ್ರು,
ಕರಳಿನ ಒಳಗೂ ಬಾವಿ ಅದಾವಂತ,
ಕಣ್ಣಿಗೆ ಕಾಣದಷ್ಟು ಸಣ್ಣು, ಲೆಕ್ಕಕ್ಕ ಸಿಗದಷ್ಟು.
ಪ್ರತಿ ಬಾವಿ ತಳದಾಗ ಜೀವಕೋಶ ಹುಟ್ಟತಾವ,
ಮೆಟ್ಟಲಾ ಮೆಟ್ಟಲಾ ಏರಿ ಮ್ಯಾಲ ಬರತಾವ,
ನಾಕೈದು ದಿನ ಗ್ವಾಡಿಯಾಗಿ ನಿಂತು
ಉದುರಿ ಹೋಗ್ತಾವ.
'ಐದು ದಿನದ ಗಿಲಾವೇನ್ರಿ?' ಅಂದೆ.
ನಾವು ಕೆರೆದು ತಗದ ಸುಣ್ಣಕ್ಕ ನೂರಾರು ವರ್ಷ ಆಗಿದ್ವು.
ನಾಚಿಕಿ ಬಂತು,
ಯಾರ ಪರವಾಗಿ ಅನ್ನೂದು ತಿಳೀಲಿಲ್ಲ.

'ಈಗ ನಿಮ್ಮ ಕಾವಲಿನವರಽ ಬೆಂಕಿ ಹಚ್ಯಾರ,
ಕಳ್ಳ ಯಾರು ಅನ್ನೂದು ಮರತು.'
'ಹಂಗಾದ್ರ ಎಲ್ಲಾ ಸುಟ್ಟು ಹೋಗಬೇಕಿತ್ತಲ್ರಿ,
ಇನ್ನೂ ಹ್ಯಾಂಗ ನಿಂತೈತಿ?'
ಅವರು ಪೆನ್ನಿನ ಟೊಪಗಿ ತಗದು, ಹಾಕಿ, ಮತ್ತ ತಗದು,
'ಪೂರಾ ಗೊತ್ತಿಲ್ಲ' ಅಂದ್ರು. 'ಒಂದಿಷ್ಟು ಗೊತ್ತೈತಿ.'
ಬಾಜೂದ್ದು ಬಿದ್ರ ಉಳದದ್ದು ಚಪ್ಪಟಿ ಆಗಿ
ಮೈ ಹರವಿಕೊಂಡು ಸಂದಿ ಮುಚ್ಚತೈತಂತ,
ಅತ್ಲಾಗಿನದರ ಕೈ ಬಿಡದಽ.
ಇನ್ನೊಂದು ಮಾತು ಮೆಲ್ಲಕ ಹೇಳಿದ್ರು:
ಬೆಂಕಿ ನಡುವ ಸಿಕ್ಕ ಕೋಶ
ತನ್ನೊಳಗಿನ ಮುರಕಲಾ ಹರಕಲಾ ಎಲ್ಲಾ ಕೂಡಿಸಿ
ತಾನಽ ತಿಂತೈತಿ, ತಿಂದು ಜೀವಾ ಹಿಡೀತೈತಿ.
'ಉಪವಾಸ ಬಿದ್ದಾಗ ಮಾಡೂ ಕೆಲಸ ಅದು.'

ಉಪವಾಸ ಅಂದ್ರಲ್ಲ,
ಆಮ್ಯಾಲ ಅವರು ಹೇಳಿದ ಪಥ್ಯ ಒಂದೂ ಕಿವ್ಯಾಗ ಇಳೀಲಿಲ್ಲ.
ಶಹಜಾದಬೀನಽ ಬರಕೊಂಡ್ಲು.

ಈಗ ಅಕಿ ಕಡೀ ಗುಟುಕು ನೀರು ಕುಡದು
ಲೋಟಾ ಬೋರಲು ಹಾಕಿದ್ಲು, ಅಷ್ಟರಾಗ ಅಜಾನ್.
ನನ್ನ ಮುಂದ ಎರಡು ಬ್ರೆಡ್ಡು, ಗುಳಿಗಿ ಡಬ್ಬಿ ಇಟ್ಟಳು,
ಏನೂ ಅನ್ನಲಿಲ್ಲ.
ಹೊಟ್ಟಿ ಮ್ಯಾಲ ಕೈ ಇಟ್ಟೆ,
ಗಾರಿ ಇನ್ನೂ ಹಸಿ ಐತೇನು ಅಂತ ನೋಡೂ ಹಂಗ,
ಅಂಗೈಲೆ ಅಲ್ಲ, ಬೆರಳ ಹಿಂಬದೀಲೆ.
ಅಲ್ಲಿ ಅವು ಬಾಯಿ ಮುಚ್ಚಿ ಕುಂತಾವ.
ನನ್ನ ಲೆಕ್ಕದ ಮೂವತ್ತು ದಿನಾ
ಅವಽ ಹಿಡದಾವೋ ಏನೋ.
ಹಿಂಗಂದ್ರ ಹಜರತರು ಬೈತಾರ.
ಅವಕ್ಕ ಇಫ್ತಾರ್ ಯಾವಾಗ ಅಂತ
ಮೇಡಮ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುಳಿಗಿ ಬಾಯಾಗ ಹಾಕಿಕೊಂಡೆ.
ನೀರು ಸದ್ದಾಗದಂಗ ಕುಡದೆ,
ಒಳಗಿನವಕ್ಕ ಕೇಳಬಾರದಂತ.